ತೊಮ್ಮಳ ಮೂಗು, ಎನ್ನೊನ ಕೋಟು

ತೊಮ್ಮ ಬೆಹ್ರೆಂಡ್ಸ್ ಕೋಟನ್ನು ಕಣ್ಣಿನಿಂದ ನೋಡುವ ಮೊದಲು ಮೂಸುತ್ತಿದ್ದಳು. ನೌಕಾಪಡೆಯದು ಎನ್ನುವ ಹಳೆಯ ತೊಗಲ ಕೋಟು ಹೊತ್ತುಕೊಂಡು ಯಾರಾದರೂ ಅವಳ ಅಂಗಡಿಯ ಬಾಗಿಲು ನೂಕಿ "ಮೊಯಿನ್" ಎಂದು ನಮಸ್ಕಾರ ಹೇಳುವಷ್ಟರಲ್ಲಿ ಅವಳ ಮೂಗು ಆ ಕೋಟಿನ ಕಂಕುಳ ಹೊಲಿಗೆಯಲ್ಲಿ ಹೂತುಹೋಗಿರುತ್ತಿತ್ತು. ತಂದವರು ಏನು ಮಾಡಬೇಕೆಂದು ತೋಚದೆ ಸೂರು ನೋಡುತ್ತಾ ನಿಲ್ಲುತ್ತಿದ್ದರು. ವಿಲ್ಹೆಲ್ಮ್ಸ್‌ಹಾಫೆನ್ನಿನ ಜನ ಮಾತಿನಲ್ಲಿ ಜಿಪುಣರು ಎಂದು ಹೊರಗಿನವರು ಹೇಳುವುದುಂಟು. ಹಾಗೆ ಹೇಳುವವರು ಬಂದರಿನ ಹಿಂದಿನ ಬೀದಿಯಲ್ಲಿ ತೊಮ್ಮಳ ಅಂಗಡಿ ಹೊಕ್ಕವರಲ್ಲ, ಅಷ್ಟೇ.

"ಡೀಸೆಲ್ಲು!" ಎಂದು ಅವಳು ಕೂಗಿದಳೆಂದರೆ ಕೋಟು ಅರ್ಧ ಗೆದ್ದ ಹಾಗೆ. ಎಂಜಿನ್ ಕೋಣೆಯ ಎಣ್ಣೆವಾಸನೆ ಒಮ್ಮೆ ಹೊಲಿಗೆಯೊಳಗೆ ಕೂತರೆ ಏನು ಮಾಡಿದರೂ ಏಳುವುದಿಲ್ಲ ಎಂಬುದು ಅವಳ ನಂಬಿಕೆ. ಆಮೇಲೆ ಕಾಲರು ಹಿಡಿದು ಎತ್ತುವಳು. ತೋಳು ಕೆಳಕ್ಕೆ ಜಗ್ಗಬೇಕು. ಜೇಬನ್ನು ಒಳಗಿನಿಂದ ಹೊರಕ್ಕೆಳೆದು ಮೂಲೆಯ ಧೂಳು ಉಜ್ಜುವಳು. ಹಡಗಿನವನು ಕಟಕಟೆಗೆ ಒರಗಿ ಒರಗಿ ಹೊಟ್ಟೆಯ ಹತ್ತಿರ, ಮೊಣಕೈ ಹತ್ತಿರ ಮಾತ್ರ ಸವೆಸಿರುತ್ತಾನೆ. ನಕಲಿ ಮಾಡುವವನು ಉಪ್ಪು ಕಾಗದ ಹಿಡಿದು ಕೋಟಿಡೀ ಒಂದೇ ಸಮ ಉಜ್ಜಿಬಿಟ್ಟಿರುತ್ತಾನೆ. ನೌಕಾಪಡೆಯ ನಿಜವಾದ ಮೊಹರಿನ ಶಾಯಿ ಅಸ್ತರಿನ ನೂಲಿಗೆ ಇಳಿದು ಹಬ್ಬಿರುತ್ತದೆ, ಸುಳ್ಳು ಮೊಹರು ಮೇಲೇ ಕೂತಿರುತ್ತದೆ. ಲಂಗರಿನ ಗುಂಡಿಗಳನ್ನು ಮಾತ್ರ ಅವಳು ಕೊನೆಗೆ ಮುಟ್ಟುತ್ತಿದ್ದಳು, ಊಟದ ಕೊನೆಯಲ್ಲಿ ಸಿಹಿ ತಿನ್ನುವವರ ಹಾಗೆ.

ಒಮ್ಮೆ ಹ್ಯಾಂಬರ್ಗಿನಿಂದ ಠಾಕುಠೀಕಿನ ವ್ಯಾಪಾರಿಯೊಬ್ಬ ಬಂದಿದ್ದ. ಅವನ ಕೋಟಿನ ಒಳಗೆ ಹೊಲಿದಿದ್ದ ಬಟ್ಟೆಯ ಪಟ್ಟಿ ಎಷ್ಟು ಚೆಂದವಾಗಿ ಕಂದಿತ್ತೆಂದರೆ ಯಾರಾದರೂ ಕೈ ಮುಗಿಯಬೇಕು. ತೊಮ್ಮ ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತಳು.

"ಚಹಾ! ಅಯ್ಯಯ್ಯೋ, ಪಟ್ಟೀನ ಚಹಾದಲ್ಲಿ ನೆನೆಸಿದ್ದೀರಿ! ಹೋಗ್ಲಿ, ಒಳ್ಳೆ ಚಹಾನಾದ್ರೂ ಹಾಕಬಾರ್ದಿತ್ತಾ ಸ್ವಾಮಿ? ಇದು ದಾರ ಕಟ್ಟಿದ ಪೊಟ್ಟಣದ್ದು. ಇದ್ರಲ್ಲಿ ನಮ್ಮೂರೋರು ಕಾಲೂ ತೊಳೆಯಲ್ಲ!"

ಆ ವ್ಯಾಪಾರಿ ಕೆಂಪಾದ, ನಗು ತಡೆಯಲಾರದೆ ನಕ್ಕ, ಕೊನೆಗೆ ಕಲ್ಲುಸಕ್ಕರೆಯ ಮೇಲೆ ಚಟಪಟ ಸುರಿದ ಅಸಲಿ ಚಹಾ ಕುಡಿದು ಹೋದ. ಎಲ್ಲರಿಗೂ ಈ ಮರ್ಯಾದೆ ಸಿಗುತ್ತಿರಲಿಲ್ಲ. ದನಿ ತಗ್ಗಿಸಿ, ಹಿಂದೆ ಮುಂದೆ ನೋಡಿ, "ಎದೆ ಮೇಲೆ ಹದ್ದಿನ ಬಿಲ್ಲೆ ಇರೋದು ಇದೆಯಾ?" ಎಂದು ನಾಜಿ ಕಾಲದ ಗುರುತು ಕೇಳುವವರೂ ಬರುತ್ತಿದ್ದರು. "ಆ ಬಿಲ್ಲೆಯೋರು ಈ ಊರನ್ನ ಬೂದಿ ಮಾಡಿಸಿ ಹೋದ್ರು. ಚಳಿಗೆ ಕೋಟು ಬೇಕಾದ್ರೆ ಕೂತ್ಕೊಳ್ಳಿ. ಬಿಲ್ಲೆ ಬೇಕಾದ್ರೆ ಬಾಗಿಲು ಅಲ್ಲಿದೆ," ಎನ್ನುತ್ತಿದ್ದಳು ತೊಮ್ಮ. ಆಗ ಅವಳ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಕೋಟಿನ ವಿಷಯದಲ್ಲಿ ಅವಳದು ಒಂದೇ ವ್ರತ. ಯಾರೂ ಕೇಳದೆ ಬಾಯಿ ಬಿಡುವುದಿಲ್ಲ; ಕೇಳಿದ ಮೇಲೆ ಸುಳ್ಳು ಹೇಳುವುದಿಲ್ಲ. ಬಸ್ಸು ಓಡಿಸುತ್ತಿದ್ದ ಗಂಡ ಹೈಕೊ ಬದುಕಿದ್ದಾಗ, ಅವನ ಸ್ವಂತ ಅಣ್ಣ ತಂದ ಕೋಟನ್ನೇ ಸುಳ್ಳು ಎಂದುಬಿಟ್ಟು ಎರಡು ಕ್ರಿಸ್ಮಸ್ ಆ ಮನೆಯ ಬಾತುಕೋಳಿ ಊಟ ಕಳೆದುಕೊಂಡಿದ್ದಳು. ಅದಕ್ಕೆ ಅವಳು ಬೇಸರಪಟ್ಟವಳಲ್ಲ. ಆ ಬಾತು ಯಾವಾಗಲೂ ಒಣಗಿರುತ್ತಿತ್ತಂತೆ.

ಇಂಥವಳಿಗೆ ಕೂದಲು ನರೆತ ಈ ವಯಸ್ಸಿನಲ್ಲಿ ಪ್ರೀತಿ ಹುಟ್ಟಿತು. ಹುಟ್ಟಿದ್ದೂ ಯಾರ ಮೇಲೆ? ಸುಳ್ಳು ಕೋಟು ಹಾಕಿಕೊಂಡು ಓಡಾಡುವವನ ಮೇಲೆ!

ಎನ್ನೊ ಯಾನ್ಸೆನ್ ಸರಕು ಹಡಗುಗಳ ಎಂಜಿನ್ ನೋಡಿಕೊಂಡು ಬದುಕು ಕಳೆದು ನಿವೃತ್ತನಾದವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಎತ್ತರದ ಆಳು, ದೊಡ್ಡ ಕಿವಿ, ನಕ್ಕರೆ ಇಡೀ ಮೀನುಪೇಟೆಗೆ ಕೇಳಬೇಕು. ಮೊದಲ ಚಳಿ ಬಿದ್ದ ದಿನದಿಂದ ವಸಂತದವರೆಗೆ ಅವನ ಮೈಮೇಲೆ ಬೂದುಬಣ್ಣದ ತೊಗಲ ಕೋಟು. "ಅಪ್ಪನದು. ಯುದ್ಧದಲ್ಲಿ ನೀರೊಳಗಿನ ಬಾಂಬು ಹೆಕ್ಕೋ ಹಡಗಲ್ಲಿ ಎಂಜಿನ್ ನೋಡ್ತಿದ್ದಾಗ ನೌಕಾಪಡೆ ಕೊಟ್ಟದ್ದು," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಯುದ್ಧ ಮುಗಿದ ದಿನ ಅಪ್ಪ ಎದೆಯ ಬಿಲ್ಲೆ ಕಿತ್ತು ಬಂದರಿಗೆ ಎಸೆದ ಕಥೆಯನ್ನೂ ಸೇರಿಸುತ್ತಿದ್ದ.

ತೊಮ್ಮ ಅವನನ್ನು ಮೊದಲು ಕಂಡದ್ದು ಹೊಗೆಯಾಡಿಸಿದ ಹಾವುಮೀನು ಕೊಳ್ಳುವ ಸಾಲಿನಲ್ಲಿ. ಗಾಳಿ ಅವನ ಕಡೆಯಿಂದ ಇವಳ ಕಡೆಗೆ ಬೀಸುತ್ತಿತ್ತು. ಮೀನಿನ ಹೊಗೆಯ ನಡುವೆಯೂ ಅವಳ ಮೂಗಿಗೆ ಗೊತ್ತಾಯಿತು: ಎಣ್ಣೆಯ ಸುಳಿವೇ ಇಲ್ಲ. ಕಾಲರು ನೌಕಾಪಡೆಗಿಂತ ಚೆಂದ. ತೊಗಲು ಸೋಫಾಕ್ಕೆ ಹಾಕುವಷ್ಟು ಮೆತ್ತಗೆ. ಅಪ್ಪಟ ನಕಲಿ! ಆದರೆ ಗುಂಡಿಗಳು? ಆ ಗುಂಡಿಗಳು ಮಾತ್ರ ನೂರಕ್ಕೆ ನೂರು ನಿಜ. ಸುಳ್ಳು ಕೋಟಿಗೆ ನಿಜದ ಗುಂಡಿ ಹೇಗೆ ಬಂತು ಎಂದು ಬಾಯಿ ತೆರೆದು ನೋಡುತ್ತಾ ನಿಂತವಳನ್ನು ಎನ್ನೊ ತಿರುಗಿ ನೋಡಿದ. ಈ ಹೆಂಗಸು ನನ್ನನ್ನೇ ನೋಡುತ್ತಿದ್ದಾಳೆ ಎಂದುಕೊಂಡ. ಅವನ ದೊಡ್ಡ ಕಿವಿ ಕೆಂಪಾದವು. ಶುರುವಾದದ್ದು ಹೀಗೆ.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವನ ಅಡುಗೆಮನೆಯಲ್ಲಿ ಚಹಾ. ನಮ್ಮ ಕಡೆಯ ಚಹಾದ ಶಾಸ್ತ್ರ ಇವರಿಬ್ಬರಿಗೂ ತಾಯಿಯ ಹಾಲಿನ ಜೊತೆ ಬಂದದ್ದು: ಅತಿಥಿ ತನ್ನ ಚಮಚವನ್ನು ಬಟ್ಟಲೊಳಗೆ ಇಡುವವರೆಗೆ ಮನೆಯವರು ಸುರಿಯುತ್ತಲೇ ಇರಬೇಕು. ಚಮಚ ಒಳಗೆ ಬಿತ್ತೋ, ಸಾಕು, ಮಾತೂ ಮುಗಿಯಿತು. ಎನ್ನೊ ಮೂರನೆಯ ಬಟ್ಟಲು ತುಂಬಿ, ಮೇಲೆ ಕೆನೆ ಹಾಕಿ, ಗಂಟಲು ಸರಿಮಾಡಿಕೊಂಡು, "ತೊಮ್ಮ, ಒಂಟಿ ಮನೆ ನನಗೂ ಸಾಕಾಗಿದೆ, ನಿನಗೂ..." ಎನ್ನುವಷ್ಟರಲ್ಲಿ ಠಣ್! ಚಮಚ ಬಟ್ಟಲಲ್ಲಿ.

ಮೀನಂಗಡಿಯ ಗೇಶೆ ಅವಳ ಹಳೆಯ ಗೆಳತಿ. ಅವಳಿಗೆ ಇದನ್ನು ಕೇಳಿ ಕೇಳಿ ರೇಗಿಹೋಗಿತ್ತು.

"ಏನೇ ನಿನ್ನ ಬಿಂಕ? ಅವನಿಗೇನು ಹಲ್ಲಿಲ್ವಾ? ಬೆಚ್ಚಗಿನ ಮನೆಯಿಲ್ವಾ?"

"ಎಲ್ಲಾ ಇದೆ ಕಣೇ. ಹಜಾರದ ಗೂಟದಲ್ಲಿ ಆ ಕೋಟೂ ಇದೆ. ಮದುವೆಯಾಗಿ ದಿನಾ ಅದರ ಮುಂದೆ ಓಡಾಡ್ಬೇಕು. ಒಂದಿನ ಅವನು 'ನೋಡು ಹೇಗಿದೆ ಅಪ್ಪನ ಕೋಟು' ಅಂತ ಕೇಳೇಬಿಡ್ತಾನೆ. ನಾನು ಹೇಳೇಬಿಡ್ತೀನಿ. ಅಲ್ಲಿಗೆ ಅವನ ಅಪ್ಪನ್ನೂ ಕಿತ್ಕೊಂಡ ಹಾಗೆ, ನನ್ನ ಸಂಸಾರಾನೂ ಮುಗಿದ ಹಾಗೆ."

"ಒಂದೇ ಒಂದು ಸುಳ್ಳು ಹೇಳೋಕೆ ಆಗಲ್ವಾ?"

"ಬೇರೆ ಎಷ್ಟು ಬೇಕಾದ್ರೂ ಹೇಳ್ತೀನಿ. ನಿನ್ನ ಹೊಸ ಟೋಪಿ ಚೆನ್ನಾಗಿದೆ ಅಂತ ನಿನ್ನೆ ತಾನೆ ಹೇಳ್ಲಿಲ್ವಾ?"

ಅಷ್ಟರಲ್ಲಿ ಫೆಬ್ರವರಿ ಬಂತು, ಕೋಸುಸೊಪ್ಪಿನ ನಡಿಗೆಯ ದಿನ ಬಂತು. ಚಳಿಯಲ್ಲಿ ಗುಂಪು ಕಟ್ಟಿ, ಕುಡಿಯುತ್ತಾ ಆಡುತ್ತಾ ದೂರದ ಹೋಟೆಲಿಗೆ ನಡೆದು ಕೋಸುಸೊಪ್ಪು ಉಣ್ಣುವ ದಿನ ಅದು. ಹಡಗಿನ ಹಳಬರ ಸಂಘದ ಯಜಮಾನ ಫೋಲ್ಕರ್ಟ್ ಒಳ್ಳೆಯವನೇ, ಆದರೆ ಸಮಾರಂಭವಿಲ್ಲದೆ ಅವನಿಗೆ ಬ್ರೆಡ್ಡೂ ಇಳಿಯದು. ಸಂಘದ ಕೋಣೆಗೆ ಹೊಸ ಗಾಜಿನ ಪೆಟ್ಟಿಗೆ ಬಂದಿತ್ತು. ಅದರೊಳಗೆ ಎನ್ನೊನ ಅಪ್ಪನ ಕೋಟೇ ತೂಗಬೇಕೆಂದು ತಿಂಗಳುಗಟ್ಟಲೆ ಗಂಟುಬಿದ್ದು ಅವನನ್ನು ಒಪ್ಪಿಸಿದ್ದ. ಊರೆಲ್ಲ ಕೇಳುವಂತೆ ಕೊಚ್ಚಿಕೊಂಡವನು ಕೊಡುವುದಿಲ್ಲ ಎನ್ನುವುದಾದರೂ ಹೇಗೆ? ಹೊರಡುವ ಮುಂಚೆ ಫೋಲ್ಕರ್ಟ್ ಎಲ್ಲರೆದುರು ಘೋಷಿಸಿದ.

"ಇವತ್ತು ಊಟಕ್ಕೆ ಮುಂಚೆ ಕೋಟಿನ ಹಸ್ತಾಂತರ! ಅದಕ್ಕೂ ಮುಂಚೆ ನಮ್ಮ ತೊಮ್ಮ ಮೂಸಿ ನೋಡಿ, ಅಸಲಿ ಅಂತ ಎಲ್ಲರ ಮುಂದೆ ಹೇಳ್ತಾಳೆ!"

"ಅದೆಲ್ಲ ಯಾಕೆ ಮಾರಾಯಾ," ಎಂದ ಎನ್ನೊ. ಅವನ ಮುಖ ಬಿಳಿಚಿಕೊಂಡಿತ್ತು. ಕೋಟು ಬಿಟ್ಟುಕೊಡಲು ಸಂಕಟವಾಗುತ್ತಿದೆ, ಪಾಪ, ಎಂದುಕೊಂಡಳು ತೊಮ್ಮ. ಅವಳನ್ನು ಕೇಳಿಯೇಬಿಟ್ಟಿದ್ದರು! ಇನ್ನು ಇವತ್ತು ಊಟಕ್ಕೆ ಮುಂಚೆ ಒಂದೋ ಎನ್ನೊನನ್ನು ಕಳೆದುಕೊಳ್ಳಬೇಕು, ಇಲ್ಲವೇ ತನ್ನ ಮೂಗನ್ನು.

ಅವಳು ಮಾಡಿದ್ದು ನಾವು ಯಾರಾದರೂ ಮಾಡುವುದನ್ನೇ. ದಾರದಲ್ಲಿ ಕಟ್ಟಿ ಕುತ್ತಿಗೆಗೆ ತೂಗಿಸಿಕೊಂಡಿದ್ದ ಪುಟಾಣಿ ಗಾಜಿನ ಲೋಟವನ್ನು ಮದ್ಯದ ಸೀಸೆ ಹೊತ್ತು ಗುಂಪಿನ ಜೊತೆ ಬರುತ್ತಿದ್ದ ಕೈಗಾಡಿಯ ಕಡೆ ಚಾಚಿದಳು. ಗೇಶೆ ಸೀಸೆ ಬಗ್ಗಿಸಿದಳು. ರಸ್ತೆಯ ತಿರುವಿಗೊಂದು, ಸೇತುವೆಗೊಂದು, ಎದುರಾದ ಹಸುವಿಗೊಂದು ಎಂದು ಗುಂಪು ಮುಂದೆ ಸಾಗಿದಂತೆ ಎಲ್ಲರ ಕೆನ್ನೆಯೂ ಸೇಬಾಯಿತು. ಸಮುದ್ರದ ಗಾಳಿ ಟೋಪಿ ಹಾರಿಸಿದರೆ ಅದಕ್ಕೂ ನಗು. ಫೋಲ್ಕರ್ಟ್ ಹಾಡಿದರೆ ಅದಕ್ಕೂ ನಗು. ಅವನು ಹಾಡುತ್ತಿದ್ದುದು ದುಃಖದ ಹಾಡು.

ರಸ್ತೆಯ ಮೇಲೆ ಚೆಂಡು ಉರುಳಿಸುವ ಆಟ ಜೋರಾಗಿತ್ತು. ಎನ್ನೊನ ಸರದಿ ಬಂತು. ಅವನು ಯಾವುದೋ ಸಿಟ್ಟಿನಲ್ಲಿದ್ದವನಂತೆ ಓಡಿ ಬಂದು ಬೀಸಿದ. ಚೆಂಡು ನೆಟ್ಟಗೆ ಹೋಗಿ, ಮನಸ್ಸು ಬದಲಿಸಿ, ರಸ್ತೆಯ ಪಕ್ಕದ ಕಾಲುವೆಗೆ ಗುಳುಂ ಎಂದಿತು. ಉದ್ದ ಕೋಲಿನ ತುದಿಗೆ ಬುಟ್ಟಿ ಕಟ್ಟಿದ ಜಾಲರಿ ಹಿಡಿದು ಅದನ್ನು ಎತ್ತಲು ಬಗ್ಗಿದ. ಇನ್ನೂ ಸ್ವಲ್ಪ ಬಗ್ಗಿದ. ಮರುಗಳಿಗೆ ಎನ್ನೊನೂ ಗುಳುಂ.

"ಅಯ್ಯೋ ಕೋಟು!" ಎಂದು ಫೋಲ್ಕರ್ಟ್ ಕಿರುಚಿದ.

"ಅಯ್ಯೋ ಎನ್ನೊ!" ಎಂದು ತೊಮ್ಮ ಕಿರುಚಿದಳು. ತಾನು ಎಷ್ಟು ಜೋರಾಗಿ ಕಿರುಚಿದೆನೆಂದು ಅವಳಿಗೇ ನಾಚಿಕೆಯಾಯಿತು.

ಸೊಂಟದವರೆಗಿನ ನೀರಷ್ಟೇ. ಆದರೆ ಫೆಬ್ರವರಿಯ ನೀರು. ನಾಲ್ಕು ಜನ ಎಳೆದು ಹಾಕಿದಾಗ ಎನ್ನೊ ಹಲ್ಲು ಕಟಕಟಿಸುತ್ತಾ ಚೆಂಡನ್ನು ಎತ್ತಿ ತೋರಿಸಿದ. ಗೇಶೆ ಅವನ ಬಾಯಿಗೆ ಸೀಸೆಯನ್ನೇ ಇಟ್ಟಳು. ತೊಮ್ಮ ಹಿಂದೆ ಮುಂದೆ ನೋಡದೆ ಅವನ ಕೋಟು ಬಿಚ್ಚಿ, ತನ್ನ ನೇರಳೆ ಬಣ್ಣದ ಉಣ್ಣೆಯ ಕೋಟನ್ನು ಅವನಿಗೆ ಹೊದಿಸಿದಳು. ಅದರ ತೋಳುಗಳು ಅವನ ಮೊಣಕೈಗೇ ನಿಂತವು. ಆ ವೇಷದಲ್ಲಿ ಅವನನ್ನು ಕೈಗಾಡಿಯ ಸೀಸೆಗಳ ನಡುವೆ ಕೂರಿಸಿ, ಊಟದ ಹೋಟೆಲಿನವರೆಗೆ ಮೆರವಣಿಗೆಯಲ್ಲಿ ಎಳೆದುಕೊಂಡು ಹೋದರು. ತೊಮ್ಮ ನೀರು ತೊಟ್ಟಿಕ್ಕುವ ತೊಗಲ ಕೋಟನ್ನು ಅಪ್ಪಿಕೊಂಡು ಹಿಂದೆ ನಡೆದಳು. ಇಷ್ಟು ದಿನ ಅದನ್ನು ಮುಟ್ಟದೆ ಕಾಲ ತಳ್ಳಿದ್ದಳು.

ಹೋಟೆಲಿನಲ್ಲಿ ಒಲೆ ಉರಿಯುತ್ತಿತ್ತು. ಕೋಸುಸೊಪ್ಪು, ಹಂದಿಮಾಂಸ, ಓಟ್ಸ್ ತುಂಬಿದ ಪಿಂಕೆಲ್ ಸಾಸೇಜುಗಳ ಘಮ ಎಲ್ಲರ ಬುದ್ಧಿಯನ್ನೂ ಕೆಡಿಸಿತ್ತು. ತೊಮ್ಮ ಒಲೆಯ ಪಕ್ಕದ ಕುರ್ಚಿಗೆ ಕೋಟು ಹರವಿ, ಬೇಗ ಆರಲೆಂದು ಅಸ್ತರನ್ನು ಮೇಲಕ್ಕೆ ತಿರುಗಿಸಿದಳು. ಒಳಜೇಬಿನ ಅಂಚಿನ ಕೈಹೊಲಿಗೆ ಕಣ್ಣಿಗೆ ಬಿತ್ತು. ಹೊಲಿಗೆಯ ಎಳೆಗಳೆಲ್ಲ ವಾಲಬೇಕಾದ ಕಡೆಗೆ ವಾಲದೆ ಉಲ್ಟಾ ವಾಲಿದ್ದವು.

ಎಡಗೈಯವರ ಹೊಲಿಗೆ. ತೊಮ್ಮ ತನ್ನ ಎಡಗೈ ನೋಡಿಕೊಂಡಳು.

ಒಮ್ಮೆಗೇ ಎಲ್ಲ ನೆನಪಾಯಿತು. ಅವಳಿಗಾಗ ಹದಿನೇಳು. ತೊಗಲು ಕೆಲಸದ ಕಾರ್ಖಾನೆಯೊಂದರಲ್ಲಿ ಕಲಿಯಲು ಸೇರಿದ್ದಳು. "ಎಡಚಿ, ಬಿಚ್ಚಿ ಹೊಲಿ!" ಎಂದು ಯಜಮಾನ ದಿನವೂ ಗದರುತ್ತಿದ್ದ. ಒಂದು ಮಧ್ಯಾಹ್ನ ಯಜಮಾನ ಊಟಕ್ಕೆ ಹೋಗಿದ್ದಾಗ, ಹೊಲಿಯಲು ಕೊಟ್ಟಿದ್ದ ಕೋಟನ್ನು ನೋಡಲು ಸೂತಕದ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಬಂದಳು. ಕರವಸ್ತ್ರದ ಗಂಟು ಬಿಚ್ಚಿ ಲಂಗರಿನ ಗುಂಡಿಗಳನ್ನು ಮೇಜಿನ ಮೇಲೆ ಸುರಿದಳು. ಗುರುತಿಲ್ಲದ ಆ ಹುಡುಗಿಯ ಮುಂದೆ ಮನಸ್ಸು ಬಿಚ್ಚಿ ಮಾತಾಡಿದಳು. ಆವತ್ತು ಒಳಜೇಬನ್ನು ತೊಮ್ಮ ಅಳುತ್ತಾ ಹೊಲಿದಳು. ಯಜಮಾನ ಬಿಚ್ಚು ಎಂದಾಗ ಜನ್ಮದಲ್ಲಿ ಮೊದಲ ಬಾರಿಗೆ ಬಿಚ್ಚುವುದಿಲ್ಲ ಎಂದಿದ್ದಳು. ಹೆಂಗಸಿನ ಹೆಸರು ಅವಳು ಕೇಳಿರಲಿಲ್ಲ.

ಫೋಲ್ಕರ್ಟ್ ಲೋಟವನ್ನು ಚಮಚದಿಂದ ಬಡಿದ. "ಸದ್ದು! ಸದ್ದು! ತೊಮ್ಮ, ಶುರು ಮಾಡು. ಹೊಟ್ಟೆ ಹಸೀತಿದೆ."

ಎಲ್ಲರೂ ತಿರುಗಿದರು. ನೇರಳೆ ಕೋಟಿನಲ್ಲಿ ಎನ್ನೊ ತಲೆ ತಗ್ಗಿಸಿ ಕೂತಿದ್ದ. ತೊಮ್ಮ ಕೋಟನ್ನು ಕುರ್ಚಿಯಿಂದ ಎತ್ತಿಕೊಂಡಳು. ಕುಡಿದದ್ದೆಲ್ಲ ಇಳಿದುಹೋಗಿತ್ತು.

"ಗುಂಡಿಗಳು ಅಸಲಿ," ಎಂದಳು. "ಕೋಟು ಅಲ್ಲ."

ಪಿಂಕೆಲ್ ಹೊತ್ತು ಬರುತ್ತಿದ್ದ ಹೋಟೆಲಿನವಳು ಬಾಗಿಲಲ್ಲೇ ನಿಂತಳು. ಫೋಲ್ಕರ್ಟನ ಬಾಯಿ ತೆರೆದೇ ಇತ್ತು. ಎನ್ನೊ ತಲೆ ಎತ್ತಿದ.

"ಗೊತ್ತು," ಎಂದ.

"ಗೊತ್ತಾ?"

"ಚಿಕ್ಕೋನಿದ್ದಾಗ ಅಪ್ಪನ ಕೋಟು ಒಣಗಿಸೋಕೆ ಹೋಗಿ ತೋಳು ಸುಟ್ಟಿದ್ದೆ. ಇಷ್ಟು ದೊಡ್ಡ ಕಲೆ. ಒದೆ ತಿಂದಿದ್ದು ಇನ್ನೂ ನೆನಪಿದೆ. ಅಪ್ಪ ಹೋದಾಗ ನಾನು ಸಮುದ್ರದ ಮೇಲಿದ್ದೆ. ವಾಪಸು ಬಂದಾಗ ಅಮ್ಮ ಈ ಕೋಟು ಕೊಟ್ಳು. ತೋಳು ನೋಡ್ದೆ, ಕಲೆ ಇಲ್ಲ. ಮನೇಲಿ ಹೊಸ ಒಲೆ ಬಂದಿತ್ತು. ಕೋಟು ಮಾರಿ ಒಲೆ ತಂದಿದ್ದಾಳೆ ಅಂದ್ಕೊಂಡೆ. ಯಾರಿಗೂ ಗೊತ್ತಾಗಬಾರ್ದು ಅಂತ ಅಪ್ಪನ ಕೋಟು, ಅಪ್ಪನ ಕೋಟು ಅಂತ ಊರೆಲ್ಲ ಕೂಗ್ದೆ." ಅವನು ನೇರಳೆ ಕೋಟಿನ ಅಂಚು ಎಳೆದುಕೊಂಡ. "ಅವಳು ಇರೋವರ್ಗೂ ಆ ಒಲೆ ಹತ್ರ ಒಂದಿನಾನೂ ಕೂರ್ಲಿಲ್ಲ ಕಣೇ ನಾನು."

ತೊಮ್ಮ ಹೋಗಿ ಅವನ ಮುಂದೆ ನೆಲದ ಮೇಲೇ ಕೂತಳು. ಅವನ ತಣ್ಣನೆಯ ಕೈಗಳನ್ನು ಹಿಡಿದುಕೊಂಡಳು.

"ಒಲೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಕೋಟಿಂದ ಬಂದಿಲ್ಲ. ನಿಮ್ಮಮ್ಮ ಮಾರ್ಲಿಲ್ಲ ಕಣೋ. ಈ ಕೋಟಿನ ಒಳಜೇಬು ಹೊಲಿದೋಳು ನಾನು. ಆವತ್ತು ಅವರು ನನ್ನ ಮುಂದೆ ನಿಂತು ಹೇಳಿದ್ರು. 'ಅವರಿಗೆ ಯಾವಾಗ್ಲೂ ಚಳಿ ಕಣಮ್ಮಾ, ಬರೀ ಅಂಗೀಲಿ ಹೇಗೆ ಕಳಿಸ್ಲಿ? ಕೋಟು ಹಾಕಿಯೇ ಮಣ್ಣು ಮಾಡಿಸ್ದೆ. ಗುಂಡಿ ಮಾತ್ರ ಕತ್ತರಿಸಿಕೊಂಡೆ, ಸೊಂಟಕ್ಕೆ ಪಟ್ಟಿ ಬಿಗಿದಿದ್ದೀನಿ, ಗಾಳಿ ಹೋಗಲ್ಲ. ಮಗ ಹಡಗಿಂದ ಬಂದು ಅಪ್ಪನ ಕೋಟೆಲ್ಲಿ ಅಂತಾನೆ. ನಿನಗೆ ಏನೂ ಉಳಿಸಿಲ್ಲ ಅಂತ ಹೇಗೆ ಹೇಳ್ಲಿ?' ಅಂದ್ರು. ಕೋಟು ನಿಮ್ಮಪ್ಪನ ಮೈಮೇಲೇ ಇದೆ ಎನ್ನೊ. ಸುಟ್ಟ ಕಲೆ ಸಮೇತ."

ಎನ್ನೊ ಅತ್ತ. ಆ ದೊಡ್ಡ ಆಳು ಮೊಣಕೈಗೆ ನಿಂತ ನೇರಳೆ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಮಗುವಿನಂತೆ ಅತ್ತ. ಅಳುತ್ತಲೇ ಅವನಿಗೆ ನಗು ಬಂತು, ಆ ಮೀನುಪೇಟೆಯ ನಗು. ಗೇಶೆ ಮೂಗು ಸೀಟಿಕೊಂಡು, "ಥೂ, ಊಟ ತಣ್ಣಗಾಯ್ತು!" ಎಂದು ಕೂಗಿದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಹಾಗಾದ್ರೆ ನನ್ನ ಗಾಜಿನ ಪೆಟ್ಟಿಗೆ?" ಎಂದ ಫೋಲ್ಕರ್ಟ್.

"ನೀನೇ ಹೋಗಿ ನಿಂತ್ಕೋ," ಎಂದಳು ಗೇಶೆ. "ಬಾಗಿಲು ಹಾಕಿದ್ರೆ ಹಾಡು ಕೇಳಲ್ಲ."

ಆ ಸಂಜೆ ಎನ್ನೊ ಯಾರೂ ತಿನ್ನಲಾರದಷ್ಟು ಕೋಸುಸೊಪ್ಪು ತಿಂದು ಕೋಸಿನ ರಾಜನಾದ. ರಾಜ ಬೆರಳು ತೋರಿಸಿದವಳೇ ರಾಣಿ ಎಂಬುದು ಆ ಗುಂಪಿನ ಪದ್ಧತಿ. ಅವನು ಯಾರ ಕಡೆ ತೋರಿಸಿದ ಎಂದು ಹೇಳಬೇಕಾಗಿಲ್ಲ.

ಮರುದಿನ ಭಾನುವಾರ. ಎನ್ನೊನ ಅಡುಗೆಮನೆಯಲ್ಲಿ, ತಾಯಿಯ ಕಾಲದ ಆ ಒಲೆಗೆ ಬೆನ್ನು ತಾಗುವಷ್ಟು ಹತ್ತಿರ ಅವನ ಕುರ್ಚಿ ಸರಿದಿತ್ತು. ಕೋಟು ಒಣಗಿ, ಸ್ವಲ್ಪ ಮುದುರಿ, ತೊಮ್ಮಳ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಈಗ ಅದಕ್ಕೆ ಕಾಲುವೆಯ ವಾಸನೆ. ತೊಮ್ಮ ಮೂಸಿ, "ಇದು ಅಸಲಿ," ಎಂದಳು.

ಮೂರನೆಯ ಬಟ್ಟಲು ತುಂಬಿತು. ಕೆನೆ ಮೋಡದಂತೆ ಎದ್ದಿತು. ಎನ್ನೊ ಗಂಟಲು ಸರಿಮಾಡಿಕೊಂಡ. ಅವನ ಕಣ್ಣು ಅವಳ ತಟ್ಟೆಯಲ್ಲಿದ್ದ ಚಮಚದ ಮೇಲೆಯೇ ಇತ್ತು.

"ತೊಮ್ಮ, ಒಂಟಿ ಮನೆ ನನಗೂ ಸಾಕಾಗಿದೆ..."

ತೊಮ್ಮ ಎಡಗೈಯಲ್ಲಿ ಚಮಚ ಎತ್ತಿಕೊಂಡಳು. ಎನ್ನೊನ ಕಿವಿ ಕೆಂಪಾದವು. ಅವಳು ಹಿಂದಕ್ಕೆ ತಿರುಗಿ, ಕೋಟಿನ ಅಸ್ತರು ಸರಿಸಿ, ಹದಿನೇಳರಲ್ಲಿ ತಾನೇ ಹೊಲಿದ ಒಳಜೇಬಿಗೆ ಆ ಚಮಚವನ್ನು ಇಳಿಬಿಟ್ಟು, ಗುಂಡಿ ಹಾಕಿದಳು.

"ಸುರೀತಾ ಇರು ಕಣೋ," ಎಂದಳು.